ನೂರೆಂಬತ್ತು ಹಲ್ಲಿನ ಚಕ್ರ

ಮೈಸೂರು
ಜನವರಿ 4, 2025

ಪ್ರೀತಿಯ ಶಾಮಣ್ಣ ಮಾಮ,

ಅಜ್ಜಂಪುರದ ಆಂಟೆನಾ ನಿನ್ನೆ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಉಪಗ್ರಹವನ್ನು ಕಳೆದುಕೊಂಡಿತು. ಸತತವಾಗಿ ಇದು ಹದಿನಾರನೇ ಸಲ. ಉಪಗ್ರಹ ನೆತ್ತಿಯ ಆಸುಪಾಸಿನಲ್ಲಿ ಇರುವಷ್ಟು ಹೊತ್ತು ಸಿಗ್ನಲ್ ಗಟ್ಟಿಯಾಗಿರುತ್ತದೆ. ದಿಗಂತದಿಂದ ಮೂವತ್ತೈದು ಡಿಗ್ರಿಗಿಂತ ಕೆಳಗಿಳಿದ ಕೂಡಲೇ ಕಡಿದುಹೋಗುತ್ತದೆ. ಇದನ್ನು ವರದಿ ಮಾಡಿದವರು ನಮ್ಮ ದೊಡ್ಡಪ್ಪ ತೀರ್ಥಪ್ಪ. ಯಂತ್ರ ಕೂತಿರುವುದು ಅವರ ಹಿಟ್ಟಿನ ಗಿರಣಿಯ ತಾರಸಿಯ ಮೇಲೆ. ದಿನವೂ ಅಂಕಿ ಬರೆದು ಕಳಿಸುವವರು ಅವರೇ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಂಪನಿ ಮಾಡುವುದು ಆಂಟೆನಾದ ತಟ್ಟೆಯನ್ನಲ್ಲ, ತಟ್ಟೆಯನ್ನು ತಿರುಗಿಸುವ ಪೀಠವನ್ನು. ಅದರಲ್ಲಿ ಎರಡು ಮೋಟಾರು. ಒಂದು ಸುತ್ತ ತಿರುಗಿಸುತ್ತದೆ, ಇನ್ನೊಂದು ಎತ್ತಿ ಇಳಿಸುತ್ತದೆ. ಮೋಟಾರಿನ ತಿರುಪು ನೀವು ಕತ್ತರಿಸಿದ ಕಂಚಿನ ಚಕ್ರವನ್ನು ಹಲ್ಲು ಹಲ್ಲಾಗಿ ಮುಂದೆ ತಳ್ಳುತ್ತದೆ. ಇವತ್ತು ಮೇಲೆ ಆಂಟೆನಾ ಇದೆ, ನಾಳೆ ಅದೇ ಪೀಠದ ಮೇಲೆ ಉದ್ದ ಮಸೂರದ ಕ್ಯಾಮೆರಾ ಕೂರುತ್ತದೆ.

ತಟ್ಟೆ ಮುಂದಕ್ಕೆ ಬಾಗಿದಾಗ ಅದರ ಭಾರವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ, ಆಗ ಹಲ್ಲು ಜಗ್ಗುತ್ತಿದೆ ಎಂಬುದು ಇಲ್ಲಿನವರ ತೀರ್ಮಾನ. ಫೆಬ್ರವರಿ 20ಕ್ಕೆ ಸಭೆ ಇದೆ. ಅಷ್ಟರಲ್ಲಿ ಬೇರೆ ಕಾರಣ ಸಿಗದಿದ್ದರೆ ನಿಮ್ಮ ಚಕ್ರಗಳನ್ನು ಬಿಚ್ಚಿ ಹೊರದೇಶದ ಚಕ್ರಗಳನ್ನು ಹಾಕುತ್ತಾರೆ. ಮುಂದಿನ ಆರು ಪೀಠಗಳಿಗೂ ಅವೇ. ಇಂಥ ಕೆಲಸ ತರೀಕೆರೆಯಲ್ಲಿ ಆಗುತ್ತದೆ ಎಂದು ಈ ಜನರ ಮುಂದೆ ಎದ್ದು ನಿಂತು ಹೇಳಿದವಳು ನಾನು.

ನಿಮಗೆ ಏನನ್ನಿಸುತ್ತದೆ, ಬರೆಯಿರಿ.

ನಿಮ್ಮ
ಸ್ಫೂರ್ತಿ


ತರೀಕೆರೆ
ಜನವರಿ 9, 2025

ಚಿ. ಸ್ಫೂರ್ತಿಗೆ ಆಶೀರ್ವಾದ.

ಹಲ್ಲು ಜಗ್ಗುವುದಿಲ್ಲ.

ಹೇಗೆ ಹೇಳುತ್ತೀಯ ಎಂದು ನಿನ್ನ ಮೇಲಿನವರು ಕೇಳಬಹುದು. ಸುತ್ತನ್ನು ಸಮಪಾಲು ಮಾಡುವ ಫಲಕದಲ್ಲಿ, ಪ್ರತಿ ಹಲ್ಲಿಗೆ ಹದಿನೆಂಟು ರಂಧ್ರದ ಸಾಲಿನಲ್ಲಿ ನಾಲ್ಕು ರಂಧ್ರ ದಾಟಿಸಿ ಪಿನ್ನು ಹಾಕಿದೆ. ಹೀಗೆ ಒಂದು ಚಕ್ರಕ್ಕೆ ನೂರೆಂಬತ್ತು ಸಲ. ಒಂದೊಂದು ಹಲ್ಲು ಮುಗಿದಾಗ ಗೋಡೆಯ ಮೇಲೆ ಸೀಮೆಸುಣ್ಣದ ಗೀಟು ಹಾಕಿದೆ. ಆಮೇಲೆ ಅದರದೇ ತಿರುಪನ್ನು ಕೂರಿಸಿ, ಪಾಲಿಶ್ ಪೇಸ್ಟ್ ಸವರಿ, ಹನ್ನೊಂದು ದಿನ ಕೈಯಲ್ಲೇ ತಿರುಗಿಸಿದೆ. ಮೊದಲ ದಿನ ಬೆರಳಿಗೆ ಹಲ್ಲು ತಾಗುತ್ತಿತ್ತು. ಕೊನೆಯ ದಿನ ಬೆಣ್ಣೆಯಲ್ಲಿ ತಿರುಗಿಸಿದ ಹಾಗಿತ್ತು. ಈ ಎಪ್ಪತ್ತೊಂದು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಚಕ್ರ ನಾನು ಮಾಡಿಲ್ಲ, ಇನ್ನು ಮಾಡುತ್ತೇನೋ ಇಲ್ಲವೋ.

ಅಂಕಿ ಬರೆಯುವವನು ತೀರ್ಥಪ್ಪ ಎಂದು ನೀನು ಮೊದಲೇ ಹೇಳಬೇಕಿತ್ತು. ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಒಂಬತ್ತು ವರ್ಷದ ಹಿಂದೆ ಒಂದು ಕಬ್ಬಿನ ಗಾಣದ ಚಕ್ರ ಕೆಟ್ಟಿತು. ಶಾಮಣ್ಣ ಎಣಿಕೆ ತಪ್ಪಿದ ಎಂದು ಗಿರಾಕಿಗಳ ಎದುರಿಗೆ ಹೇಳಿ, ಶೆಡ್ಡಿನ ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ಹೋದವನು ಅವನು. ಈಗ ಮತ್ತೆ ನನ್ನ ಹಲ್ಲು ಎಣಿಸುತ್ತಿದ್ದಾನೆ.

ಹೇಳುವುದಿದ್ದರೆ ಅವನೇ ನನಗೆ ಬರೆಯಲಿ. ಫೋನು ಬೇಡ. ನನ್ನ ಕಿವಿ ಹೋಗಿದೆ ಎಂಬುದು ನಿನಗೆ ಗೊತ್ತು. ಕಾಗದದ ಮೇಲೆ, ಅಂಕಿ ಸಮೇತ.

ಇತಿ,
ಶಾಮಣ್ಣ


ಅಜ್ಜಂಪುರ
ಜನವರಿ 15, 2025

ಶ್ರೀ ಶಾಮಣ್ಣನವರಿಗೆ,

ಸ್ಫೂರ್ತಿ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಡಿಸೆಂಬರ್ 18ರಿಂದ ನಿನ್ನೆಯವರೆಗೆ ಇಪ್ಪತ್ತಾರು ಸಲ ಉಪಗ್ರಹವನ್ನು ಹಿಂಬಾಲಿಸಿದೆವು. ಇಪ್ಪತ್ತಾರರಲ್ಲೂ ಐವತ್ತು ಡಿಗ್ರಿಯ ಮೇಲೆ ಸಿಗ್ನಲ್ ಪೂರ್ತಿ. ನಲವತ್ತರಲ್ಲಿ ಅರ್ಧ. ಮೂವತ್ತೈದರ ಕೆಳಗೆ ಇಲ್ಲ. ಮೋಡ, ಗಾಳಿ, ಕರೆಂಟು ಯಾವುದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಹಾಳೆಯ ನಕಲು ಜೊತೆಗಿದೆ.

ಅಂಕಿಯ ಹೊರತಾಗಿ ಒಂದು ಮಾತು ಬರೆಯಬಹುದೆಂದು ಭಾವಿಸುತ್ತೇನೆ. ಈ ಯಂತ್ರ ತಿರುಗುವುದನ್ನು ನೀವು ನೋಡಿಲ್ಲ ಎಂದು ಸ್ಫೂರ್ತಿ ಹೇಳಿದಳು. ಐದಡಿ ಅಗಲದ ತಟ್ಟೆ. ಸಮಯಕ್ಕೆ ಎರಡು ನಿಮಿಷ ಮೊದಲು ತಾನಾಗಿ ಏಳುತ್ತದೆ, ಉತ್ತರಕ್ಕೆ ತಿರುಗಿ ದಿಗಂತದ ಮೇಲೆ ಕಣ್ಣಿಟ್ಟು ಕಾಯುತ್ತದೆ. ಆಮೇಲೆ ಹೊರಡುತ್ತದೆ. ಹೊರಟದ್ದು ಕಣ್ಣಿಗೆ ಕಾಣುವುದಿಲ್ಲ. ಗಡಿಯಾರದ ದೊಡ್ಡ ಮುಳ್ಳನ್ನು ನೋಡಿದ ಹಾಗೆ, ಬೇರೆ ಕಡೆ ನೋಡಿ ಮತ್ತೆ ತಿರುಗಿದರೆ ತಟ್ಟೆ ಇನ್ನೆಲ್ಲೋ ಇರುತ್ತದೆ. ಸದ್ದು ಇಲ್ಲ. ಕೆಳಗೆ ಗಿರಣಿ ನಿಂತಿದ್ದಾಗ ಕಿವಿಗೊಟ್ಟರೂ ಇಲ್ಲ.

ನಮ್ಮ ಮನೆಯವಳು ಮಲ್ಲಿಕಾಂಬ ಒಣಮೆಣಸಿನಕಾಯಿ ಹರಡಲು ಮೇಲೆ ಬಂದವಳು ಅರ್ಧ ಗಂಟೆ ಅಲ್ಲೇ ಕೂತಳು. "ಇದು ಯಾರನ್ನೋ ನೋಡ್ತೈತಲ್ರೀ, ನಾಚ್ಕೆ ಇಲ್ದಂಗೆ," ಎಂದಳು. ಕೊನೆಗೆ, "ಇದ್ರ ಒಳಗಿನ ಚಕ್ರ ಯಾರು ಮಾಡಿದ್ದು?" ಎಂದು ಕೇಳಿದಳು. ಹೇಳಿದೆ. "ಹಂಗಾದ್ರೆ ಅದ್ರಲ್ಲಿ ತಪ್ಪಿರಕ್ಕಿಲ್ಲ ಬಿಡಿ," ಎಂದು ಕೆಳಗಿಳಿದು ಹೋದಳು.

ಅಂಕಿಗಳು ಮಾತ್ರ ಹಾಗೆಯೇ ಇವೆ.

ತಮ್ಮ ವಿಶ್ವಾಸಿ,
ಎಚ್. ತೀರ್ಥಪ್ಪ


ತರೀಕೆರೆ
ಜನವರಿ 20, 2025

ತೀರ್ಥಪ್ಪನವರಿಗೆ,

ಹಾಳೆ ಸಿಕ್ಕಿತು. ಅಂಕಿಗಳನ್ನು ಚೆನ್ನಾಗಿ ಬರೆದಿದ್ದೀರಿ. ನೀವು ಬರೆಯುವ ಏಳು ಮೊದಲಿನ ಹಾಗೇ ಒಂದರಂತೆ ಕಾಣುತ್ತದೆ.

ಜಗ್ಗುತ್ತದೆ ಎನ್ನುವವರು ಜಗ್ಗಿಸಿ ನೋಡಿಲ್ಲ. ನೀವು ನೋಡಿ. ತಟ್ಟೆಯನ್ನು ಇಪ್ಪತ್ತು ಡಿಗ್ರಿಗೆ ಇಳಿಸಿ ಮೋಟಾರು ನಿಲ್ಲಿಸಿ. ಪೀಠಕ್ಕೆ ಡಯಲ್ ಗೇಜ್ ಕಚ್ಚಿಸಿ. ಮಿಲಿಮೀಟರನ್ನು ನೂರು ಪಾಲು ಮಾಡಿ ತೋರಿಸುವಂಥದ್ದು ಬೇಕು, ಕಡೂರಿನಲ್ಲಿ ಕಾಂತರಾಜು ಹತ್ತಿರ ಇದೆ. ಅದರ ಮೊನೆ ತಟ್ಟೆಯ ತೋಳಿಗೆ ತಾಗಿರಲಿ. ಆಮೇಲೆ ತಟ್ಟೆಯ ಮೇಲಂಚಿಗೆ ಇಪ್ಪತ್ತು ಕಿಲೋ ತೂಗುಹಾಕಿ ಮುಳ್ಳು ಎಷ್ಟು ಗೀಟು ಹೋಗುತ್ತದೆ ನೋಡಿ. ತೂಕ ತೆಗೆದಾಗ ಎಲ್ಲಿಗೆ ಬರುತ್ತದೆ ಅದನ್ನೂ ನೋಡಿ. ಹತ್ತು ಸಲ ಮಾಡಿ.

ಮುಳ್ಳು ಇಪ್ಪತ್ತು ಗೀಟು ದಾಟಿದರೆ ಚಕ್ರ ವಾಪಸು ಕಳಿಸಿ. ನಾನು ಮಾತಾಡುವುದಿಲ್ಲ.

ಮಲ್ಲಿಕಾಂಬ ಅವರಿಗೆ ನಮಸ್ಕಾರ. ನನ್ನ ಮನೆಯಾಕೆ ರಂಗನಾಯಕಿಯೂ ಕೇಳಿದಳು ಎಂದು ತಿಳಿಸಿ.

ಇತಿ,
ಶಾಮಣ್ಣ


ಅಜ್ಜಂಪುರ
ಜನವರಿ 27, 2025

ಶಾಮಣ್ಣನವರಿಗೆ,

ನಿನ್ನೆ ಭಾನುವಾರ ಪರೀಕ್ಷೆ ಮಾಡಿದೆ. ಹತ್ತು ಸಲ. ಮುಳ್ಳು ಎಂಟು ಸಲ ಎರಡು ಗೀಟು, ಎರಡು ಸಲ ಮೂರು ಗೀಟು ಹೋಯಿತು. ತೂಕ ತೆಗೆದಾಗ ಹತ್ತು ಸಲವೂ ಸೊನ್ನೆಗೆ ಬಂದು ನಿಂತಿತು.

ಗೇಜ್ ತರಲು ಶನಿವಾರ ಕಡೂರಿಗೆ ಹೋಗಿದ್ದೆ. ಕಾಂತರಾಜು ಲೇತ್ ನಿಲ್ಲಿಸದೆಯೇ ಕೇಳಿದರು, "ಏನ್ ತೀರ್ಥಪ್ನೋರೇ, ಶಾಮಣ್ಣನ ಕೆಲ್ಸದಲ್ಲಿ ತಪ್ಪು ಹುಡ್ಕಕ್ಕೆ ಹೊಂಟ್ರಾ?"

"ಇಲ್ಲ ಕಣಪ್ಪ, ತಪ್ಪಿಲ್ಲ ಅಂತ ತೋರ್ಸಕ್ಕೆ."

"ಯಾರು ಕಳ್ಸಿದ್ದು?"

"ಶಾಮಣ್ಣನೇ."

ಆಗ ಲೇತ್ ನಿಲ್ಲಿಸಿದರು. "ಮಾತಾಡಿದ್ರಾ ನೀವು?"

"ಮಾತಿಲ್ಲ. ಕಾಗ್ದ."

"ಒಂಬತ್ತು ವರ್ಷಕ್ಕೆ ಕಾಗ್ದ. ಹಿಂಗೇ ಹೋದ್ರೆ ಮಾತಿಗೆ ಇನ್ನೊಂದ್ ಒಂಬತ್ತು. ಅಷ್ಟೊತ್ತಿಗೆ ನಿಮ್ಮಿಬ್ರ ಬಾಯಲ್ಲೂ ಹಲ್ಲಿರಲ್ಲ, ಚಕ್ರದ್ದೇ ಸಾಲ ತಗೋಬೇಕು," ಎಂದು ನಕ್ಕು, ಗೇಜನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಬಾಡಿಗೆ ಕೇಳಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಪಕ್ಕದ ಮುಚ್ಚಳ ತೆಗೆದು ಚಕ್ರವನ್ನು ಮೊದಲ ಸಲ ನೋಡಿದೆ. ಟಾರ್ಚ್ ಹಿಡಿದು ಒಂದು ಸುತ್ತು ಪೂರ್ತಿ ನೋಡಿದೆ. ತಿರುಪು ತಾಗಿದ ಗುರುತು ಪ್ರತಿ ಹಲ್ಲಿನ ಮೇಲೂ ಒಂದೇ ಜಾಗದಲ್ಲಿ, ಒಂದೇ ಅಗಲಕ್ಕೆ ಇದೆ. ನಾನು ನಲವತ್ತು ವರ್ಷದಿಂದ ಹಲ್ಲಿನ ಚಕ್ರಗಳನ್ನು ನೋಡುತ್ತಿದ್ದೇನೆ. ಕೈಯಲ್ಲಿ ತಿರುಗಿಸಿ ಇಷ್ಟು ಸಮ ಮಾಡಿದ್ದನ್ನು ಎಲ್ಲೂ ನೋಡಿಲ್ಲ. ಇದನ್ನು ಬರೆಯದೆ ಇರುವುದು ಸರಿಯಲ್ಲ.

ಚಕ್ರ ಜಗ್ಗುವುದಿಲ್ಲ ಎಂದು ಸ್ಫೂರ್ತಿಗೆ ತಿಳಿಸಿದ್ದೇನೆ. ಆದರೆ ಇವತ್ತು ಬೆಳಿಗ್ಗೆಯೂ ಸಿಗ್ನಲ್ ಅಲ್ಲೇ ಕಡಿಯಿತು. ಹಾಗಾಗಿ ಮೈಸೂರಿನವರ ಮನಸ್ಸು ಬದಲಾಗಿಲ್ಲ. ಒಂದು ಚಕ್ರ ಅಲ್ಲದಿದ್ದರೆ ಇನ್ನೊಂದು ಎನ್ನುತ್ತಾರೆ.

ತೀರ್ಥಪ್ಪ


ತರೀಕೆರೆ
ಫೆಬ್ರವರಿ 1, 2025

ತೀರ್ಥಪ್ಪ,

ಕಾಗದ ಎರಡು ಸಲ ಓದಿದೆ. ಚಕ್ರದ ಬಗ್ಗೆ ಬರೆದದ್ದನ್ನು ರಂಗನಾಯಕಿ ಮೂರನೇ ಸಲ ಓದಿದಳು.

ಈಗ ಕೇಳು. ಮೂರು ದಿನ ಯೋಚಿಸಿದೆ. ಅಂಗಳದಲ್ಲಿ ನಿಂತು ಬೆರಳನ್ನು ನೆತ್ತಿಯ ನೇರಕ್ಕೆ ಎತ್ತು. ನಿಂತ ಜಾಗದಲ್ಲೇ ಒಂದಿಷ್ಟು ತಿರುಗು. ಬೆರಳು ತೋರಿಸುವುದು ಮೇಲಕ್ಕೇ. ಈಗ ಕೈ ಇಳಿಸಿ ದೂರದ ಒಂದು ಮರಕ್ಕೆ ಬೆರಳು ಮಾಡಿ ಅಷ್ಟೇ ತಿರುಗು. ಬೆರಳು ಪಕ್ಕದ ಮರಕ್ಕೆ ಹೋಯಿತು. ನಿನ್ನ ಯಂತ್ರ ಮಾಡುತ್ತಿರುವುದು ಇದನ್ನೇ. ಮೇಲಿದ್ದಾಗ ಸರಿ, ಕೆಳಗೆ ಬಂದಾಗ ತಪ್ಪು. ಎತ್ತಿ ಇಳಿಸುವ ಚಕ್ರದಲ್ಲಿ ಏನೂ ಇಲ್ಲ. ಸುತ್ತ ತಿರುಗುವುದರಲ್ಲಿ ಇದೆ.

ಸುತ್ತ ತಿರುಗುವ ಚಕ್ರ ಕೆಟ್ಟಿದ್ದರೆ ಪೂರ್ವದಲ್ಲಿ ಒಂದಿಷ್ಟು, ಪಶ್ಚಿಮದಲ್ಲಿ ಇನ್ನೊಂದಿಷ್ಟು ತಪ್ಪಬೇಕು. ಹಲ್ಲಿನ ತಪ್ಪು ಹಲ್ಲಿನ ಜೊತೆ ಓಡಾಡುತ್ತದೆ. ನಿನ್ನ ಹಾಳೆಯಲ್ಲಿ ಉಪಗ್ರಹ ಯಾವ ಕಡೆ ಇಳಿದರೂ ಕಡಿಯುವುದು ಅದೇ ಮೂವತ್ತೈದಕ್ಕೆ. ತಪ್ಪು ಎಲ್ಲ ಕಡೆ ಒಂದೇ ಆಗಿದ್ದರೆ ಅದು ಚಕ್ರದ್ದಲ್ಲ. ಎಣಿಕೆ ಶುರುಮಾಡಿದ ಜಾಗದ್ದು.

ಉತ್ತರ ದಿಕ್ಕಿಗೆ ಸೊನ್ನೆ ಗುರುತು ಹಾಕಿದವರು ಯಾರು? ಹೇಗೆ ಹಾಕಿದರು?

ಶಾಮಣ್ಣ


ಮೈಸೂರು
ಫೆಬ್ರವರಿ 11, 2025

ದೊಡ್ಡಪ್ಪ,

ಶಾಮಣ್ಣ ಮಾಮನ ಕಾಗದಕ್ಕೆ ನೀವು ಹತ್ತು ದಿನವಾದರೂ ಬರೆದಿಲ್ಲವಂತೆ. ನನ್ನ ಫೋನನ್ನೂ ದೊಡ್ಡಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಹಾಗಾಗಿ ನಾನೂ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ಮುಖ್ಯಸ್ಥ ರಾಜಶೇಖರ್ ಸರ್ ಹೊರದೇಶದ ಚಕ್ರಕ್ಕೆ ಆದೇಶ ಬರೆಸಿ ಇಟ್ಟಿದ್ದಾರೆ. 20ನೇ ತಾರೀಕು ಸಹಿ ಹಾಕುವುದಷ್ಟೇ ಬಾಕಿ. ಶಾಮಣ್ಣ ಮಾಮನ ಲೆಕ್ಕಾಚಾರವನ್ನು ಅವರಿಗೆ ಹೇಳಿದೆ. "ಉತ್ತರದ ಗುರುತು ಪರೀಕ್ಷಿಸಲಾಗಿದೆ, ಸರಿ ಇದೆ ಎಂದು ನಿಮ್ಮ ದೊಡ್ಡಪ್ಪನೇ ಸಹಿ ಮಾಡಿದ್ದಾರಲ್ಲ," ಎಂದರು. ನಿಜ, ಆ ಹಾಳೆ ನನ್ನ ಫೈಲಿನಲ್ಲೇ ಇದೆ. ಯಂತ್ರ ಕೂರಿಸುವ ದಿನ ನಾನು ಬೇರೆ ಊರಿನಲ್ಲಿದ್ದೆ. ಹಾಳೆಯ ಕೆಳಗೆ ನಿಮ್ಮ ಸಹಿ ನೋಡಿದೆ, ಮುಂದೆ ಹೋದೆ. ಬಂದು ನೋಡಬೇಕಿತ್ತು. ಅದು ನನ್ನ ತಪ್ಪು.

ಸೂಚನಾ ಪುಸ್ತಕದ ಹದಿನೇಳನೇ ಪುಟ ನೋಡಿ. ಸೂರ್ಯ ಎಲ್ಲಿರುತ್ತಾನೆ ಎಂಬುದು ಯಂತ್ರಕ್ಕೆ ಗೊತ್ತು. ಸೂರ್ಯನ ಕಡೆ ತಿರುಗು ಎಂದರೆ ತಿರುಗುತ್ತದೆ. ಆಗ ತಟ್ಟೆಯ ಮುಂದಿರುವ, ಸಿಗ್ನಲ್ ಹಿಡಿಯುವ ಗ್ರಾಹಕದ ನೆರಳು ತಟ್ಟೆಯ ನಟ್ಟನಡುವೆ ಬೀಳಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಎರಡು ಸಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಮಾಮ ಹೇಳಿದ್ದು ಸರಿ.

ಒಂಬತ್ತು ದಿನ ಇದೆ. ಏನೇ ಬಂದರೂ ಬರೆಯಿರಿ ದೊಡ್ಡಪ್ಪ.

ನಿಮ್ಮ
ಸ್ಫೂರ್ತಿ


ಅಜ್ಜಂಪುರ
ಫೆಬ್ರವರಿ 15, 2025

ಶಾಮಣ್ಣ,

ನೆರಳು ಒಂದೂವರೆ ಬೆರಳಿನಷ್ಟು ಎಡಕ್ಕೆ ಬೀಳುತ್ತದೆ. ಬೆಳಿಗ್ಗೆಯೂ ಎಡಕ್ಕೆ, ಸಂಜೆಯೂ ಎಡಕ್ಕೆ. ನೀನು ಹೇಳಿದ್ದೇ ಸರಿ. ನಿನ್ನ ಚಕ್ರದಲ್ಲಿ ತಪ್ಪಿಲ್ಲ. ಗುರುತು ಹಾಕಿದವನು ನಾನು.

ಹೇಗೆ ಹಾಕಿದೆ ಎಂದು ಕೇಳಿದ್ದೆ. ಅದನ್ನು ಬರೆಯಲಾಗದೆ ಇಷ್ಟು ದಿನ ಸುಮ್ಮನಿದ್ದೆ. ತಾರಸಿಯಲ್ಲಿ ಕಬ್ಬಿಣ, ಕೆಳಗೆ ಗಿರಣಿಯ ಮೋಟಾರು. ದಿಕ್ಸೂಚಿಯ ಮುಳ್ಳು ನಿಲ್ಲಲೇ ಇಲ್ಲ. ಪುಸ್ತಕ ತೆಗೆಯುವ ಅಗತ್ಯ ನನಗೆ ಕಾಣಲಿಲ್ಲ. ನಮ್ಮ ಬೀದಿಯಲ್ಲಿ ಯಾವ ಮನೆಗೆ ಪಾಯ ಹಾಕಿದರೂ ಮಠದ ಹೊಸ್ತಿಲಿನಿಂದ ದಾರ ಎಳೆದು ಪೂರ್ವ ಹಿಡಿಯುತ್ತೇವೆ. ಮಠದ ಬಾಗಿಲು ನೆಟ್ಟಗೆ ಪೂರ್ವಕ್ಕೆ ಎಂದು ನಮ್ಮಪ್ಪ ಹೇಳಿದ್ದರು, ಅವರಿಗೆ ಅವರಪ್ಪ. ತಾರಸಿಯ ಮೇಲಿಂದ ಆ ಬಾಗಿಲು ಕಾಣುತ್ತದೆ. ಅದರ ಗೋಡೆಗೆ ನೇರ ಹಿಡಿದು ಮೂಲೆಮಟ್ಟ ಇಟ್ಟು ತೊಂಬತ್ತು ಡಿಗ್ರಿಗೆ ಉತ್ತರ ಗುರುತಿಸಿದೆ. ಸರಿ ಇದೆ ಎಂದು ಸಹಿ ಮಾಡಿದೆ.

ನಿನ್ನ ಕಾಗದ ಬಂದ ದಿನವೇ ನನಗೆ ಅನುಮಾನ ಬಂತು. ಮಠ ಓರೆ ಇದೆ ಎನ್ನುವುದಕ್ಕಿಂತ ನಿನ್ನ ಚಕ್ರ ಓರೆ ಇದೆ ಎನ್ನುವುದು ಸುಲಭವಾಗಿತ್ತು. ಹತ್ತು ದಿನ ಹಾಗೆ ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಗುರುವಾರ ಗಿರಣಿಯ ಅಂಗಳದಲ್ಲಿ ಕಣ ಬಳಿದು, ಕೋಲು ನೆಟ್ಟು, ಸುತ್ತ ವೃತ್ತ ಎಳೆದೆ. ಹೊತ್ತೇರುವಾಗ ಕೋಲಿನ ನೆರಳಿನ ತುದಿ ವೃತ್ತ ಮುಟ್ಟಿದ ಕಡೆ ಒಂದು ಮೊಳೆ, ಹೊತ್ತಿಳಿಯುವಾಗ ಮುಟ್ಟಿದ ಕಡೆ ಇನ್ನೊಂದು. ಎರಡಕ್ಕೂ ದಾರ ಕಟ್ಟಿದರೆ ಅದೇ ನಿಜವಾದ ಪೂರ್ವ ಪಶ್ಚಿಮ. ಶುಕ್ರವಾರ ಮಠದ ಅಂಗಳದಲ್ಲೂ ಇದನ್ನೇ ಮಾಡಿ, ಸಂಜೆ ಆ ಗೆರೆಯಿಂದ ಬಾಗಿಲಿಗೆ ದಾರ ಹಿಡಿದು ಓರೆ ಅಳೆಯುತ್ತಿದ್ದೆ. ಮಠದ ಪಾರುಪತ್ಯ ನೋಡಿಕೊಳ್ಳುವ ಬಸವರಾಜಪ್ಪನವರು ಹೊರಗೆ ಬಂದರು.

"ಏನ್ ತೀರ್ಥಪ್ಪ, ಮಠದ ಬಾಗ್ಲಿಗೆ ದಾರ ಹಿಡ್ದಿದೀಯ? ಹೊಸ ಬಾಗ್ಲು ಮಾಡಿಸ್ಕೊಡ್ತೀಯೇನು?"

"ಇಲ್ಲ ಬುದ್ಧಿ. ನಮ್ ಬಾಗ್ಲು ಪೂರ್ವಕ್ಕಿಲ್ಲ."

"ಯಾರ್ ಹೇಳಿದ್ದು?"

"ಸೂರ್ಯ."

"ಹಂಗಾದ್ರೆ ಅವನ್ನೇ ಒಂಚೂರು ಸರಿಸ್ಕೊಂಡು ಹುಟ್ಟಕ್ಕೆ ಹೇಳು. ಎಷ್ಟು ಓರೆ ಐತೆ?"

"ನೂರಡಿಗೆ ಮೂರಡಿ."

ಅವರು ಹೊಸ್ತಿಲ ಮೇಲೆ ಕೂತರು. ಬಯ್ಯುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತು ಬೀದಿಯ ಉದ್ದಕ್ಕೂ ನೋಡಿ, "ಅಂದ್ರೆ ಬೀದಿಯೆಲ್ಲ ಓರೆ," ಎಂದರು.

"ಹೌದು ಬುದ್ಧಿ. ನಮ್ಮನೇನೂ ಸೇರಿ."

"ಈ ಬಾಗ್ಲಲ್ಲಿ ಬಂದೋರಿಗೆಲ್ಲ ಇಷ್ಟು ವರ್ಷ ಅನ್ನ ಹಾಕಿದೀವಿ. ಯಾರೂ ದಾರಿ ತಪ್ಪಿ ಆಚೆಮನೆಗೆ ಹೋಗ್ಲಿಲ್ಲ. ನಿನ್ ಯಂತ್ರಕ್ಕೆ ಬೇಕಾದ್ದು ನೀನು ಬರ್ಕೋ. ಮಠಕ್ಕೆ ಇದು ಸಾಕು. ಪ್ರಸಾದ ಮಾಡ್ಕೊಂಡು ಹೋಗು," ಎಂದರು.

ನಾನು ಹತ್ತು ದಿನ ಹೆದರಿದ್ದು ಇಷ್ಟಕ್ಕೆ.

ವ್ಯತ್ಯಾಸ ಒಂದು ಡಿಗ್ರಿ, ಮತ್ತೆ ಹತ್ತರಲ್ಲಿ ಎಂಟು ಭಾಗ. ಇವತ್ತೇ ರಾಜಶೇಖರ್ ಅವರಿಗೆ ಸಹಿ ಮಾಡಿದ ಪತ್ರ ಕಳಿಸಿದ್ದೇನೆ. ಗುರುತು ತಪ್ಪಾಗಿ ಹಾಕಿದವನು ನಾನು, ಮಠದ ಗೋಡೆ ನೋಡಿ ಹಾಕಿದೆ, ಚಕ್ರ ಮಾಡಿದವರ ಮೇಲೆ ಬಂದ ಮಾತು ಸುಳ್ಳು ಎಂದು ಬರೆದಿದ್ದೇನೆ.

ಬರೆಯುವುದು ಇನ್ನೊಂದಿದೆ. ಗಾಣದ ಚಕ್ರ ಕೆಟ್ಟ ದಿನ ನೀನು ಕತ್ತರಿಸುತ್ತಿದ್ದೆ, ಎಣಿಸುತ್ತಿದ್ದವನು ನಾನು. ತೊಂಬತ್ತರ ಹತ್ತಿರ ಯಾರೋ ಬಂದು ಮಾತಾಡಿಸಿದರು. ತೊಂಬತ್ತೊಂದು ಎಂದು ಎರಡು ಸಲ ಕೂಗಿದೆನೋ, ಬಿಟ್ಟೆನೋ, ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವತ್ತೇ ಹೇಳಬೇಕಿತ್ತು. ನಿನ್ನ ಹೆಸರು ಹೇಳಿದೆ.

ತೀರ್ಥಪ್ಪ


ತರೀಕೆರೆ
ಫೆಬ್ರವರಿ 18, 2025

ತೀರ್ಥಪ್ಪ,

ಕಾಗದ ಬಂತು. ಮಠದ ಹೆಸರು ಬರೆಯದೆ ಗುರುತಿನಲ್ಲಿ ವ್ಯತ್ಯಾಸ ಎಂದಷ್ಟೇ ಬರೆದಿದ್ದರೂ ಸಾಕಾಗುತ್ತಿತ್ತು. ನೀನು ಪೂರ್ತಿ ಬರೆದೆ.

ನೂರಡಿಗೆ ಮೂರಡಿ ಎಂದರೆ ಆ ಕಾಲದಲ್ಲಿ ಕಟ್ಟಿದವರ ಕೈ ಬಹಳ ಒಳ್ಳೆಯದು. ನಮ್ಮ ಶೆಡ್ಡು ಅದಕ್ಕಿಂತ ಓರೆ ಇದೆ.

ಕೊನೆಯಲ್ಲಿ ಬರೆದಿದ್ದಕ್ಕೆ ಕಾಗದದಲ್ಲಿ ಜವಾಬು ಬರೆಯುವುದಿಲ್ಲ.

ಶಾಮಣ್ಣ


ಮೈಸೂರು
ಫೆಬ್ರವರಿ 25, 2025

ಪ್ರೀತಿಯ ಶಾಮಣ್ಣ ಮಾಮ,

ಉತ್ತರದ ಗುರುತು ಸರಿಮಾಡಿದ ಮೇಲೆ ನಿನ್ನೆ ಅಜ್ಜಂಪುರದಲ್ಲಿ ಆಂಟೆನಾ ಉಪಗ್ರಹವನ್ನು ಐದು ಡಿಗ್ರಿಯಲ್ಲಿ ಹಿಡಿದು, ನೆತ್ತಿ ದಾಟಿಸಿ, ಆಚೆ ಕಡೆ ಐದು ಡಿಗ್ರಿಯವರೆಗೆ ಬಿಡಲಿಲ್ಲ. ಹನ್ನೊಂದು ನಿಮಿಷ. ಈ ಸಲ ವರದಿ ಮಾಡುತ್ತಿರುವವಳು ನಾನೇ, ಅಲ್ಲೇ ಇದ್ದೆ.

20ರ ಸಭೆಯಲ್ಲಿ ರಾಜಶೇಖರ್ ಸರ್ ದೊಡ್ಡಪ್ಪನ ಪತ್ರವನ್ನು ಎಲ್ಲರಿಗೂ ಓದಿ ಹೇಳಿದರು. ಮಠದ ಗೋಡೆಯ ಜಾಗ ಬಂದಾಗ ಒಬ್ಬರು ನಕ್ಕರು. ಸರ್ ಓದುವುದನ್ನು ನಿಲ್ಲಿಸಿ, "ನಿಮ್ಮ ಯಾವ ವರದಿಯಲ್ಲಾದರೂ ತಪ್ಪು ನನ್ನದು ಅಂತ ಬರೆದಿದ್ದೀರಾ? ನಾನೂ ಬರೆದಿಲ್ಲ," ಎಂದರು. ಆಮೇಲೆ ನಿಮ್ಮ ಕಾಗದಗಳನ್ನು ಕೇಳಿ ತೆಗೆದುಕೊಂಡು, ಬೆರಳು ಮತ್ತು ಮರದ ವಿಷಯ ಬರೆದದ್ದನ್ನು ಹೊಸಬರಿಗೆ ಪಾಠ ಮಾಡಲು ಬೇಕೆಂದು ನಕಲು ಮಾಡಿಸಿದರು.

ನಿನ್ನೆ ಮಧ್ಯಾಹ್ನ ಅಜ್ಜಂಪುರದಲ್ಲೇ ತಟ್ಟೆ ಇಳಿಸಿ ಕ್ಯಾಮೆರಾ ಕೂರಿಸಿದೆವು. ಕ್ಯಾಮೆರಾ ಕಂಡದ್ದನ್ನು ಪೀಠ ತಾನೇ ಹಿಂಬಾಲಿಸಬೇಕು. ಹಲ್ಲಿನಲ್ಲಿ ಒಂದಿಷ್ಟು ಸಡಿಲವಿದ್ದರೂ ಚಿತ್ರ ನಡುಗುತ್ತದೆ. ಊರಾಚೆ ದನ ಮೇಯುವ ಕಾವಲಿನ ಹುಲ್ಲಿನ ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಅದರ ಮೇಲೆ ಬಿಟ್ಟೆವು. ಹದ್ದು ಪರದೆಯ ನಟ್ಟನಡುವೆ ನಿಂತುಬಿಟ್ಟಿತು ಮಾಮ. ಅದು ಹಾರುತ್ತಿದೆ ಎನ್ನಿಸಲೇ ಇಲ್ಲ. ಹಿಂದೆ ಹುಲ್ಲು, ದನಗಳು, ನೀರಿನ ಟ್ಯಾಂಕು, ರೈಲ್ವೆ ಸ್ಟೇಷನ್ ಎಲ್ಲ ಓಡುತ್ತಿದ್ದವು. ರೆಕ್ಕೆಯ ತುದಿಯ ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ದೊಡ್ಡಪ್ಪ ಪರದೆಯನ್ನು ನೋಡಲಿಲ್ಲ. ಪೀಠದ ಪಕ್ಕ ಕೂತು ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡಿದ್ದರು. "ಏನ್ ದೊಡ್ಡಪ್ಪ?" ಎಂದೆ. "ತಿರುಗ್ತಾ ಐತೋ ಇಲ್ವೋ ಅಂತ ನೋಡ್ತಿದೀನಿ ಕಣಮ್ಮ. ಗೊತ್ತೇ ಆಗ್ತಿಲ್ಲ," ಎಂದರು.

ಹೊರದೇಶದ ಆದೇಶ ರದ್ದಾಯಿತು. ಆರು ಪೀಠ, ಹನ್ನೆರಡು ಚಕ್ರ. ಮೊದಲನೆಯದು ಏಪ್ರಿಲ್ ಕೊನೆಗೆ ಬೇಕು. ನೀವು ಒಪ್ಪಿದ್ದೀರಿ ಎಂದು ಬರೆದುಕೊಳ್ಳಲೇ?

ನಿಮ್ಮ
ಸ್ಫೂರ್ತಿ


ತರೀಕೆರೆ
ಮಾರ್ಚ್ 8, 2025

ಚಿ. ಸ್ಫೂರ್ತಿಗೆ ಆಶೀರ್ವಾದ.

ಒಪ್ಪಿದ್ದೇನೆ. ಬರೆದುಕೋ.

ಹನ್ನೆರಡು ಚಕ್ರ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬ ಕತ್ತರಿಸಬೇಕು, ಒಬ್ಬ ಎಣಿಸಬೇಕು. ಎಣಿಸುವವನು ಕೂಗಿದರೆ ನನಗೀಗ ಕೇಳಿಸುವುದಿಲ್ಲ. ಪ್ರತಿ ಹಲ್ಲಿಗೂ ಭುಜ ತಟ್ಟಬೇಕೆಂದು ನಿನ್ನ ದೊಡ್ಡಪ್ಪನಿಗೆ ಬರೆದಿದ್ದೆ. ತಟ್ಟುತ್ತೇನೆ ಎಂದು ಬರೆದಿದ್ದಾನೆ. ಗಿರಣಿಯನ್ನು ಮಲ್ಲಿಕಾಂಬ ನೋಡಿಕೊಳ್ಳುತ್ತಾರಂತೆ.

ಕಂಚಿನ ಎರಕ ಸೋಮವಾರ ಬರುತ್ತದೆ. ತೀರ್ಥಪ್ಪ ಬುಧವಾರ ಸಂಜೆಯ ಬಸ್ಸಿಗೆ ಬರುತ್ತಾನೆ. ಮಾರ್ಚ್ 13, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ ಮೊದಲ ಹಲ್ಲು ಕತ್ತರಿಸುತ್ತೇವೆ.

ಇತಿ,
ಶಾಮಣ್ಣ